ಒಂದೇ ಒಂದು ವ್ಯಾಂಪೈರ್ ಸಿನಿಮಾ ಆರಿಸುವುದಾದರೆ

ಪ್ರಶ್ನೆ: ನಮ್ಮ ಸಿನಿಮಾ ಬಳಗದಲ್ಲಿ ಮುಂದಿನ ತಿಂಗಳು ಒಬ್ಬೊಬ್ಬರೂ ತಮ್ಮ ಅಚ್ಚುಮೆಚ್ಚಿನ ವ್ಯಾಂಪೈರ್ ಸಿನಿಮಾ ಹೆಸರಿಸಿ, ಯಾಕೆ ಅಂತ ಹೇಳಬೇಕು. 1922ರ ‘ನೊಸ್ಫೆರಾಟು’ ಅಂತರ್ಜಾಲದಲ್ಲಿ ಸಿಕ್ಕಿತು. ಎಲ್ಲರೂ ಗಡಿಬಿಡಿಯಲ್ಲಿ ಓಡಾಡುತ್ತಾರೆ, ರಕ್ತಪಿಶಾಚಿ ಹಾಡಹಗಲೇ ಶವಪೆಟ್ಟಿಗೆ ಹೊತ್ತು ತಿರುಗುತ್ತಾನೆ, ನಗು ಬಂತು. 1931ರ ‘ಡ್ರಾಕುಲಾ’ ಅರ್ಧಕ್ಕೆ ನಿಲ್ಲಿಸಿದೆ. ಸ್ವೀಡನ್ನಿನ ‘ಲೆಟ್ ದ ರೈಟ್ ಒನ್ ಇನ್’ ಮಾತ್ರ ಮನಸ್ಸಿಗೆ ಹಿಡಿಸಿತು, ಆದರೆ ಕಾರಣ ಹೇಳಲು ಬರುತ್ತಿಲ್ಲ. ಇನ್ನು ಯಾವುದನ್ನು ನೋಡಲಿ, ಹೇಗೆ ಆರಿಸಲಿ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ 1922ರ ‘ನೊಸ್ಫೆರಾಟು’ ನಿಮ್ಮ ಕಣ್ಣಿಗೆ ಇನ್ನೂ ಬಿದ್ದೇ ಇಲ್ಲ. ಬಿದ್ದಿರುವುದು ಅದರ ಒಂದು ಕೆಟ್ಟ ಪ್ರತಿ. ಇದನ್ನು ಮೊದಲು ಸರಿಮಾಡಿಕೊಳ್ಳೋಣ, ಏಕೆಂದರೆ ಆಯ್ಕೆಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಎಫ್. ಡಬ್ಲ್ಯು. ಮುರ್ನೌ ಆ ಚಿತ್ರ ತೆಗೆದ ಕಾಲದ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಹೊರಾಂಗಣದ ರಾತ್ರಿ ದೃಶ್ಯಗಳನ್ನೂ ಹಗಲಲ್ಲೇ ಚಿತ್ರೀಕರಿಸಿ, ಪ್ರಿಂಟ್ ತೆಗೆದ ಮೇಲೆ ಆ ತುಂಡುಗಳಿಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಕಂಡರೆ ರಾತ್ರಿ, ಹಳದಿ ಬೆರೆತ ಕಂದು ಕಂಡರೆ ಹಗಲು ಅಥವಾ ದೀಪದ ಬೆಳಕು, ನಸುಗುಲಾಬಿ ಕಂಡರೆ ಮುಂಜಾವು. ಅಂದಿನ ಪ್ರೇಕ್ಷಕರಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಮುಂದೆ ಯಾರೋ ಬಣ್ಣ ಬಿಟ್ಟು ಬರೀ ಕಪ್ಪುಬಿಳುಪಿನಲ್ಲಿ ನಕಲು ತೆಗೆದಾಗ ರಾತ್ರಿಗಳೆಲ್ಲ ಮಟಮಟ ಮಧ್ಯಾಹ್ನಗಳಾದವು. ಆ ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಊರೊಳಗೆ ಬರುವ ದೃಶ್ಯ ನಿಮಗೆ ನಗು ತರಿಸಿದ್ದು ಇದೇ ಕಾರಣಕ್ಕೆ.

ಇದರ ಪೆಟ್ಟು ಇನ್ನೂ ಆಳವಾದದ್ದು. ಈ ಚಿತ್ರಕ್ಕೆ ಮೂಲವಾದ 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಲಂಡನ್ನಿನ ಬೀದಿಯಲ್ಲಿ ಹಗಲು ಹೊತ್ತೇ ಓಡಾಡುತ್ತಾನೆ. ಶಕ್ತಿ ಕುಂದಿರುತ್ತದೆ ಅಷ್ಟೆ. ಬಿಸಿಲು ತಾಗಿದರೆ ಸಾವು ಎಂಬ ಕಟ್ಟಳೆಯನ್ನು ಬೆಳ್ಳಿತೆರೆಗೆ ತಂದು ನೆಲೆಯೂರಿಸಿದ್ದು ಈ 1922ರ ಚಿತ್ರ. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಬಣ್ಣ ಹೋದ ಪ್ರತಿಯಲ್ಲಿ ಅವನು ನಡುಹಗಲಲ್ಲಿ ಆರಾಮವಾಗಿ ನಡೆದು ಬಂದು, ಕೊನೆಗೆ ಬೆಳಕು ಕಂಡು ಹೊಗೆಯಾಗುತ್ತಾನೆ. ಹಾಗೆ ನೋಡಿದವರಿಗೆ ಕೊನೆಯ ದೃಶ್ಯಕ್ಕೆ ತಲೆಬುಡವೇ ಇರುವುದಿಲ್ಲ.

ವೇಗದ ಕಥೆಯೂ ಹೀಗೆಯೇ. ಪುನರುಜ್ಜೀವಗೊಂಡ ಪ್ರತಿ ಸೆಕೆಂಡಿಗೆ 18 ಫ್ರೇಮ್‌ಗಳಂತೆ ಓಡಿ ಸುಮಾರು 94 ನಿಮಿಷ ಆಗುತ್ತದೆ. ಅಷ್ಟೇ ಫ್ರೇಮ್‌ಗಳನ್ನು ಮಾತಿನ ಚಿತ್ರಗಳ ವೇಗವಾದ 24ರಲ್ಲಿ ಓಡಿಸಿದರೆ 70 ನಿಮಿಷಕ್ಕೇ ಮುಗಿದು, ಎಲ್ಲರೂ ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡುತ್ತಾರೆ. ಮುರ್ನೌ ಬೇಕೆಂದೇ ವೇಗ ಹೆಚ್ಚಿಸಿದ ಜಾಗಗಳಿವೆ. ಕಾಡಿನಲ್ಲಿ ಕಥಾನಾಯಕ ಹಟ್ಟರ್‌ನನ್ನು ಕರೆದೊಯ್ಯಲು ಬರುವ ಕುದುರೆಗಾಡಿ ಕುಕ್ಕಿ ಕುಕ್ಕಿ ಸಾಗುತ್ತದೆ. ಕೋಟೆಯ ಅಂಗಳದಲ್ಲಿ ಓರ್ಲಾಕ್ ಪೆಟ್ಟಿಗೆಗಳನ್ನು ಗಾಡಿಗೆ ಪೇರಿಸುವಾಗಲೂ ಹಾಗೆಯೇ. ಮನುಷ್ಯರು ಮನುಷ್ಯರ ವೇಗದಲ್ಲಿ ನಡೆದರೆ ಮಾತ್ರ ಅವನ ವೇಗ ಮೈ ನಡುಗಿಸುತ್ತದೆ. ಎಲ್ಲರೂ ಓಡಿದರೆ ಅವನಲ್ಲಿ ವಿಶೇಷವೇನು ಉಳಿಯಿತು?

ಸರಿಯಾದ ಪ್ರತಿಯನ್ನು ಗುರುತಿಸಲು ಮೂರು ಕಡೆ ಕಣ್ಣು ಹಾಯಿಸಿ. ಅವಧಿ 94 ನಿಮಿಷದ ಆಸುಪಾಸು ಇರಬೇಕು. ಬಣ್ಣ ದೃಶ್ಯದಿಂದ ದೃಶ್ಯಕ್ಕೆ ಬದಲಾಗಬೇಕು. ನಡುವೆ ಬರುವ ಬರಹದ ಫಲಕಗಳಲ್ಲಿ ಹೆಸರುಗಳು ಓರ್ಲಾಕ್, ಹಟ್ಟರ್, ಎಲೆನ್ ಎಂದಿರಬೇಕು. ಡ್ರಾಕುಲಾ, ಹಾರ್ಕರ್ ಎಂದಿದ್ದರೆ ಅದು ಆಮೇಲೆ ಇಂಗ್ಲಿಷಿಗೆ ತಿದ್ದಿದ ಪ್ರತಿ. ಜರ್ಮನಿಯ ಮುರ್ನೌ ಪ್ರತಿಷ್ಠಾನಕ್ಕಾಗಿ ಲೂಸಿಯಾನೊ ಬೆರಿಯಾಟುವಾ 2005–06ರಲ್ಲಿ ಸಿದ್ಧಪಡಿಸಿದ ಪ್ರತಿ ಈ ಮೂರಕ್ಕೂ ಹೊಂದುತ್ತದೆ. ಅದರಲ್ಲಿ ಹಾನ್ಸ್ ಎರ್ಡ್‌ಮನ್ ಈ ಚಿತ್ರಕ್ಕೆಂದೇ ಬರೆದ ಸಂಗೀತವನ್ನೂ ಮತ್ತೆ ಕಟ್ಟಿಕೊಟ್ಟಿದ್ದಾರೆ. ಇಷ್ಟೊಂದು ಬಗೆಯ ಪ್ರತಿಗಳು ಹುಟ್ಟಿದ್ದಕ್ಕೂ ಕಾರಣವಿದೆ. ಕಾದಂಬರಿಯ ಹಕ್ಕು ಪಡೆಯದೆ ಚಿತ್ರ ಮಾಡಿದ್ದಕ್ಕೆ ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿ ಗೆದ್ದರು. 1925ರಲ್ಲಿ ಎಲ್ಲ ಪ್ರಿಂಟುಗಳನ್ನೂ ನಾಶಮಾಡಲು ನ್ಯಾಯಾಲಯ ಆದೇಶಿಸಿತು. ಅಲ್ಲಲ್ಲಿ ಉಳಿದುಕೊಂಡ ಪ್ರಿಂಟುಗಳಿಂದ ತೆಗೆದ ನಕಲುಗಳು, ನಕಲಿನ ನಕಲುಗಳು ಇಂದು ಎಲ್ಲೆಡೆ ಹರಿದಾಡುತ್ತಿವೆ.

ಇನ್ನು ಆಯ್ಕೆಯ ಮಾತು. ವ್ಯಾಂಪೈರ್ ಸಿನಿಮಾವನ್ನು ರಕ್ತ ಎಷ್ಟು ಹರಿಯಿತು, ಎಷ್ಟು ಸಲ ಬೆಚ್ಚಿಬಿದ್ದೆವು ಎಂಬ ಲೆಕ್ಕದಲ್ಲಿ ಅಳೆದರೆ ಎರಡನೆಯ ಸಲ ನೋಡುವಾಗ ಏನೂ ಉಳಿಯುವುದಿಲ್ಲ. ನಾನು ಅಳೆಯುವುದು ಕಟ್ಟಳೆಯಿಂದ. ಈ ಚಿತ್ರದ ವ್ಯಾಂಪೈರ್ ಏನನ್ನು ಮಾಡಲಾರ? ಆ ಕಟ್ಟಳೆಯ ಬೆಲೆ ತೆರುವವರು ಯಾರು? ಚಿತ್ರ ಅದನ್ನು ಮಾತಿನಲ್ಲಿ ಹೇಳಿ ಮುಗಿಸುತ್ತದೆಯೋ, ಕಣ್ಣಿಗೆ ಕಾಣಿಸುತ್ತದೆಯೋ? ಭೂತ ಪ್ರೇತದ ಬೇರೆ ಕಥೆಗಳಿಗೂ ಈ ಪ್ರಕಾರಕ್ಕೂ ಇರುವ ವ್ಯತ್ಯಾಸವೇ ಇದು. ಭೂತ ಏನು ಬೇಕಾದರೂ ಮಾಡಬಹುದು. ವ್ಯಾಂಪೈರ್ ಮಾತ್ರ ಬಿಸಿಲು, ಕನ್ನಡಿ, ಬೆಳ್ಳುಳ್ಳಿ, ಶಿಲುಬೆ, ಕರೆಯದೆ ದಾಟಲಾಗದ ಹೊಸ್ತಿಲು ಎಂಬ ನೂರೆಂಟು ಬೇಲಿಗಳ ನಡುವೆ ಬದುಕಬೇಕು. ಜಾಣ ನಿರ್ದೇಶಕ ಅವುಗಳಲ್ಲಿ ಒಂದೋ ಎರಡೋ ಉಳಿಸಿಕೊಂಡು, ಉಳಿದವನ್ನು ಕೈಬಿಟ್ಟು, ಉಳಿಸಿಕೊಂಡದ್ದನ್ನು ಕೊನೆಯ ಹನಿವರೆಗೂ ಹಿಂಡುತ್ತಾನೆ.

1958ರಲ್ಲಿ ಹ್ಯಾಮರ್ ಕಂಪನಿಗಾಗಿ ಟೆರೆನ್ಸ್ ಫಿಶರ್ ನಿರ್ದೇಶಿಸಿದ ‘ಡ್ರಾಕುಲಾ’ ಇದಕ್ಕೆ ಒಳ್ಳೆಯ ಪಾಠ. ಅಮೆರಿಕದಲ್ಲಿ ಇದರ ಹೆಸರು ‘ಹಾರರ್ ಆಫ್ ಡ್ರಾಕುಲಾ’. ವ್ಯಾಂಪೈರ್ ಬಾವಲಿಯಾಗಿ ಹಾರುತ್ತಾನೆ ಎಂಬುದೆಲ್ಲ ಜನರ ತಪ್ಪು ಕಲ್ಪನೆ ಎಂದು ವ್ಯಾಂಪೈರ್ ಬೇಟೆಗಾರ ವ್ಯಾನ್ ಹೆಲ್ಸಿಂಗ್ (ನಟ ಪೀಟರ್ ಕುಶಿಂಗ್) ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ. ಆ ಒಂದು ಸಾಲಿನಿಂದ ಡ್ರಾಕುಲಾ ನೆಲಕ್ಕೆ ಇಳಿಯುತ್ತಾನೆ; ಬಾಗಿಲು ತೆರೆಯಬೇಕು, ಮೆಟ್ಟಿಲು ಹತ್ತಬೇಕು, ಬೆಳಗಾಗುವುದರೊಳಗೆ ಮನೆ ಸೇರಬೇಕು. ಡ್ರಾಕುಲಾ ಆಗಿರುವ ಕ್ರಿಸ್ಟಫರ್ ಲೀ ಮಾತಾಡುವುದು ಮೊದಲ ಭಾಗದಲ್ಲಿ ಮಾತ್ರ. ಆಮೇಲೆ ಬರೀ ಮೈ, ಕಣ್ಣು, ನಡಿಗೆ. ಕೊನೆಯ ಕಾಳಗದಲ್ಲಿ ಕುಶಿಂಗ್ ಉದ್ದನೆಯ ಮೇಜಿನ ಮೇಲೆ ಓಡಿ ಹಾರಿ ಪರದೆಗಳನ್ನು ಕಿತ್ತೆಸೆಯುತ್ತಾನೆ, ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುತ್ತಾನೆ. ಮಂತ್ರವಿಲ್ಲ, ಪವಾಡವಿಲ್ಲ, ಕೋಣೆಯಲ್ಲಿ ಇದ್ದ ಸಾಮಾನಷ್ಟೇ. ಚಿತ್ರದ ಅವಧಿ 82 ನಿಮಿಷ. ಸೆನ್ಸಾರ್ ಕತ್ತರಿಸಿದ ಕೆಲವು ತುಣುಕುಗಳು ಜಪಾನಿನಲ್ಲಿ ಉಳಿದಿದ್ದ ರೀಲುಗಳಲ್ಲಿ ಸಿಕ್ಕು, 2012ರ ಪ್ರತಿಯಲ್ಲಿ ಸೇರಿವೆ. ಕೊನೆಯಲ್ಲಿ ಡ್ರಾಕುಲಾ ತನ್ನ ಮುಖವನ್ನು ತಾನೇ ಪರಚಿಕೊಳ್ಳುವುದು ಕಂಡರೆ ನಿಮ್ಮ ಕೈಯಲ್ಲಿರುವುದು ಆ ಪ್ರತಿ.

ನೀವು ಅರ್ಧಕ್ಕೆ ಬಿಟ್ಟ 1931ರ ‘ಡ್ರಾಕುಲಾ’ ಬಗ್ಗೆ ನನಗೆ ನಿಮ್ಮ ಮೇಲೆ ಆಕ್ಷೇಪವಿಲ್ಲ. ಟಾಡ್ ಬ್ರೌನಿಂಗ್ ನಿರ್ದೇಶನದ ಆ 75 ನಿಮಿಷಗಳಲ್ಲಿ ಕೋಟೆಯಲ್ಲಿ ನಡೆಯುವ ಮೊದಲ ಭಾಗ ಅದ್ಭುತ. ಕಥೆ ಇಂಗ್ಲೆಂಡಿಗೆ ಬಂದ ಮೇಲೆ ಅದು ರಂಗನಾಟಕದ ಬೈಠಕ್‌ಖಾನೆಯಲ್ಲಿ ಕೂತುಬಿಡುತ್ತದೆ, ಕಿಟಕಿಯಾಚೆ ನಡೆದದ್ದನ್ನು ಪಾತ್ರಗಳು ನಮಗೆ ವರದಿ ಒಪ್ಪಿಸುತ್ತವೆ. ಹಿನ್ನೆಲೆ ಸಂಗೀತವೂ ಇಲ್ಲವೆನ್ನಬಹುದು. ಆ ಮೌನ ಮಾತಿನ ಚಿತ್ರಗಳ ಮೊದಲ ದಿನಗಳ ರೂಢಿ, ನಿಮ್ಮ ಟಿವಿಯ ದೋಷವಲ್ಲ. ಡ್ರಾಕುಲಾ ಪಾತ್ರದ ಬೇಲಾ ಲುಗೋಸಿಗಾಗಿ ಮೊದಲ ಇಪ್ಪತ್ತು ನಿಮಿಷವನ್ನು ತಪ್ಪದೆ ನೋಡಿ. ಆಮೇಲೆ, ಅದೇ ಸೆಟ್ಟುಗಳಲ್ಲಿ ಇಂಗ್ಲಿಷ್ ತಂಡ ಮನೆಗೆ ಹೋದ ಮೇಲೆ ರಾತ್ರಿ ಪಾಳಿಯಲ್ಲಿ ಜಾರ್ಜ್ ಮೆಲ್‌ಫೋರ್ಡ್ ತೆಗೆದ ಸ್ಪ್ಯಾನಿಷ್ ‘ಡ್ರಾಕುಲಾ’ ಹುಡುಕಿ. 104 ನಿಮಿಷ. ಮೆಟ್ಟಿಲ ಮೇಲೆ ನಿಂತ ಕೌಂಟ್‌ನತ್ತ ಕ್ಯಾಮೆರಾ ತೇಲಿ ಏರುವ ಒಂದೇ ದೃಶ್ಯ ನೋಡಿದರೂ ಯಾರ ಕ್ಯಾಮೆರಾ ಎಚ್ಚರವಾಗಿತ್ತು ಎಂಬುದು ತಿಳಿಯುತ್ತದೆ. ಲುಗೋಸಿಯ ಗತ್ತು ಮಾತ್ರ ಅದರಲ್ಲಿಲ್ಲ.

ಕಾರ್ಲ್ ಡ್ರೇಯರ್ ಅವರ 1932ರ ‘ವ್ಯಾಂಪೈರ್’ ಸಿಕ್ಕರೆ ಒಂದು ಎಚ್ಚರ ಸಾಕು: ಚಿತ್ರದುದ್ದಕ್ಕೂ ಕಾಣುವ ಬೂದು ಮಂಜನ್ನು ಪ್ರಿಂಟಿನ ದೋಷವೆಂದು ಬಿಡಬೇಡಿ. ಲೆನ್ಸಿನ ಮುಂದೆ ತೆಳು ಬಟ್ಟೆ ಹಿಡಿದು ಬೇಕೆಂದೇ ತಂದದ್ದು ಅದು.

ಬಿಸಿಲಿನ ಕಟ್ಟಳೆಯನ್ನು ಅತ್ಯಂತ ಚೆನ್ನಾಗಿ ದುಡಿಸಿಕೊಂಡದ್ದು, ನನ್ನ ಪ್ರಕಾರ, ಕ್ಯಾಥರಿನ್ ಬಿಗೆಲೋ ಅವರ 1987ರ ‘ನಿಯರ್ ಡಾರ್ಕ್’. ಅಮೆರಿಕದ ಒಳನಾಡಿನ ಹೆದ್ದಾರಿಗಳಲ್ಲಿ ಕದ್ದ ಗಾಡಿಗಳಲ್ಲಿ ತಿರುಗುವ ಒಂದು ಗುಂಪು. ಇಡೀ ಚಿತ್ರದಲ್ಲಿ ವ್ಯಾಂಪೈರ್ ಎಂಬ ಹೆಸರನ್ನು ಯಾರೂ ಎತ್ತುವುದಿಲ್ಲ, ಕೋರೆಹಲ್ಲೂ ಇಲ್ಲ. ಹಗಲಲ್ಲಿ ಪೊಲೀಸರು ಮೋಟೆಲ್ ಕೋಣೆಯನ್ನು ಸುತ್ತುವರಿದು ಗುಂಡು ಹಾರಿಸುತ್ತಾರೆ. ಗುಂಡುಗಳಿಂದ ಒಳಗಿದ್ದವರಿಗೆ ಏನೂ ಆಗುವುದಿಲ್ಲ. ಆದರೆ ಪ್ರತಿ ಗುಂಡೂ ಗೋಡೆಯಲ್ಲಿ ಒಂದು ತೂತು ಮಾಡುತ್ತದೆ, ಆ ತೂತಿನಿಂದ ಬಿಸಿಲ ಕೋಲೊಂದು ಒಳಗೆ ತೂರುತ್ತದೆ, ಅದು ತಾಗಿದಲ್ಲೆಲ್ಲ ಮೈ ಸುಡುತ್ತದೆ. ಯಾರೂ ಏನನ್ನೂ ವಿವರಿಸುವುದಿಲ್ಲ. ಕಟ್ಟಳೆ ಕಣ್ಣಿಗೆ ಕಾಣುವುದು ಎಂದರೆ ಇದು. ಚಿತ್ರ ಎಡವುವುದು ಕೊನೆಗೆ: ಒಮ್ಮೆ ತಗುಲಿದರೆ ಬಿಡುಗಡೆಯೇ ಇಲ್ಲ ಎಂದು ಅಲ್ಲಿವರೆಗೆ ನಂಬಿಸಿದ ಶಾಪಕ್ಕೆ, ರಕ್ತ ಬದಲಾಯಿಸಿದರೆ ಸಾಕು ಎಂಬ ಸಲೀಸಾದ ಮದ್ದು ಸಿಗುತ್ತದೆ. ಬೆಲೆ ತೆರದೆ ಹೊರಬಂದ ಹಾಗಾಗುತ್ತದೆ. ನನ್ನ ಪಟ್ಟಿಯಲ್ಲಿ ಅದು ಮೊದಲ ಸ್ಥಾನ ಕಳೆದುಕೊಂಡದ್ದು ಆ ಕೊನೆಯಿಂದಲೇ.

ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ 1992ರ ‘ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ’ವನ್ನು ನಿಮ್ಮ ಬಳಗದಲ್ಲಿ ಯಾರಾದರೊಬ್ಬರು ಖಂಡಿತ ಹೆಸರಿಸುತ್ತಾರೆ, ಆದ್ದರಿಂದ ತಿಳಿದಿರಲಿ. ಅದರ ಸೊಗಸು ಕೈಕೆಲಸದಲ್ಲಿದೆ. ದಿನಚರಿ ಪುಸ್ತಕದ ಅಂಚಿನ ಮೇಲೆ ರೈಲು ಓಡುವುದು, ಕೌಂಟ್‌ನ ನೆರಳು ಅವನನ್ನು ಬಿಟ್ಟು ತಾನೇ ಕೈಚಾಚುವುದು, ಇವೆಲ್ಲ ಕಂಪ್ಯೂಟರಿನ ಕೆಲಸವಲ್ಲ; ದೊಡ್ಡ ಪುಸ್ತಕದ ಸೆಟ್ಟು, ಪುಟಾಣಿ ರೈಲು, ಪರದೆಯ ಹಿಂದೆ ನೆರಳಾಗಿ ನಟಿಸುವ ಇನ್ನೊಬ್ಬ ಕಲಾವಿದ. ಎಯ್ಕೊ ಇಶಿಯೋಕಾ ಅವರ ಉಡುಪುಗಳಿಗೆ ಬಂದ ಆಸ್ಕರ್ ಸೇರಿ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. ಕಾದಂಬರಿಯಂತೆಯೇ ಇಲ್ಲಿಯೂ ಡ್ರಾಕುಲಾ ಹಗಲಲ್ಲಿ ನಡೆದಾಡುತ್ತಾನೆ. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಬೇಲಿಗಳು ಸಡಿಲವಾದಷ್ಟೂ ಭಯ ಕರಗಿ ಪ್ರೇಮಕಥೆ ಮುಂದೆ ಬರುತ್ತದೆ. ಪ್ರೇಮಕಥೆಯೇ ಬೇಕೆನ್ನುವವರಿಗೆ ಇದನ್ನು ಮೀರಿದ್ದು ಕಡಿಮೆ.

ನಮ್ಮ ಕಡೆಯವೂ ಇವೆ. 1967ರಲ್ಲಿ ಲಾಹೋರಿನಲ್ಲಿ ತಯಾರಾದ ಖ್ವಾಜಾ ಸರ್ಫರಾಜ್ ನಿರ್ದೇಶನದ ‘ಜಿಂದಾ ಲಾಶ್’ನಲ್ಲಿ ಶಾಪದ ಮೂಲ ವಿಜ್ಞಾನಿಯೊಬ್ಬನ ಅಮರತ್ವದ ರಸಾಯನ, ಕುಣಿತದ ಹಾಡುಗಳೂ ಉಂಟು. 1990ರ ಹಿಂದಿ ‘ಬಂದ್ ದರ್ವಾಜಾ’ದಲ್ಲಿ ರ‍್ಯಾಮ್ಸೆ ಸಹೋದರರು ಅನಿರುದ್ಧ್ ಅಗರ್‌ವಾಲ್ ಅವರ ದೈತ್ಯ ಮೈಕಟ್ಟನ್ನು ನೇವ್ಲಾ ಎಂಬ ರಕ್ತಪಿಪಾಸುವಾಗಿ ನಿಲ್ಲಿಸಿದರು. ಅಲ್ಲಿನ ಕಟ್ಟಳೆ ಒಂದು ಕರಾರು: ಮಕ್ಕಳಿಲ್ಲದ ಜಮೀನ್ದಾರನ ಹೆಂಡತಿಗೆ ಸಂತಾನ ಕೊಡುತ್ತೇನೆ, ಹೆಣ್ಣಾದರೆ ನನಗೆ ಒಪ್ಪಿಸು. ವಾರಸುದಾರನಿಗಾಗಿ ಹೆಣ್ಣುಮಗುವನ್ನು ಅಡವಿಡುವ ಈ ಕರಾರು ಯುರೋಪಿನ ಯಾವ ಕೋಟೆಗಿಂತಲೂ ನಮಗೆ ಹತ್ತಿರದ ಭಯ. ಚಿತ್ರ ಅದನ್ನು ಹಾಡು, ಹಾಸ್ಯಗಳ ನಡುವೆ ಕೈಬಿಟ್ಟದ್ದು ನಿಜವಾದ ನಷ್ಟ.

ಈಗ ನಿಮಗೆ ಹಿಡಿಸಿದ ಚಿತ್ರ. ಟೋಮಸ್ ಆಲ್ಫ್ರೆಡ್‌ಸನ್ ನಿರ್ದೇಶನದ 2008ರ ‘ಲೆಟ್ ದ ರೈಟ್ ಒನ್ ಇನ್’ಗೆ ಚಿತ್ರಕಥೆ ಬರೆದವರು ಮೂಲ ಕಾದಂಬರಿಕಾರ ಯೋನ್ ಅಯ್ವಿಡೆ ಲಿಂಡ್‌ಕ್ವಿಸ್ಟ್ ಅವರೇ. ಕಥೆ ನಡೆಯುವುದು 80ರ ದಶಕದ ಆರಂಭದ ಸ್ಟಾಕ್‌ಹೋಮ್ ಹೊರವಲಯದ ಬ್ಲಾಕೆಬರ್ಗ್ ಎಂಬ ಬಡಾವಣೆಯಲ್ಲಿ. ಹಿಮಕ್ಕಾಗಿ ಹೆಚ್ಚಿನ ಚಿತ್ರೀಕರಣ ನಡೆದದ್ದು ಉತ್ತರದ ಲುಲೆಯೊ ಊರಲ್ಲಿ. ಶಾಲೆಯಲ್ಲಿ ಏಟು ತಿನ್ನುವ ಹನ್ನೆರಡರ ಒಸ್ಕರ್, ಪಕ್ಕದ ಮನೆಗೆ ಬಂದ ಎಲಿ. ಚಿತ್ರ ಇಟ್ಟುಕೊಂಡ ಮುಖ್ಯ ಕಟ್ಟಳೆ ಹೊಸ್ತಿಲು: ಒಳಗೆ ಬಾ ಎಂದು ಕರೆಯದೆ ಎಲಿ ಬರುವಂತಿಲ್ಲ.

ಉತ್ತರಾರ್ಧದ ಒಂದು ದೃಶ್ಯವನ್ನು ಮತ್ತೆ ಹಾಕಿ ನೋಡಿ. ಎಲಿ ಬಾಗಿಲಲ್ಲಿ ನಿಂತು, ಬಾ ಎಂದು ಹೇಳು ಎನ್ನುತ್ತಾಳೆ. ಕರೆಯದಿದ್ದರೆ ಏನಾಗುತ್ತದೆ ಎಂದು ಒಸ್ಕರ್ ಕೇಳುತ್ತಾನೆ. ಬಾಯಿ ಬಿಡದೆ ಬರೀ ಕೈಸನ್ನೆ ಮಾಡಿ ಕರೆಯುತ್ತಾನೆ. ಅದರಲ್ಲಿ ಹುಡುಗುತನದ ಕ್ರೌರ್ಯವಿದೆ. ಶಾಲೆಯಲ್ಲಿ ತನಗೆ ಆಗುವುದನ್ನೇ ಅವನು ಇಲ್ಲಿ ಚಿಕ್ಕದಾಗಿ ಮಾಡುತ್ತಿದ್ದಾನೆ. ಎಲಿ ಒಳಗೆ ಕಾಲಿಡುತ್ತಾಳೆ. ಸಿಡಿಲಿಲ್ಲ, ಬೆಂಕಿಯಿಲ್ಲ. ಸುಮ್ಮನೆ ನಿಲ್ಲುತ್ತಾಳೆ, ಮೈ ನಡುಗತೊಡಗುತ್ತದೆ, ಬೆನ್ನಿನಿಂದ, ನೆತ್ತಿಯಿಂದ, ಕಣ್ಣು ಕಿವಿಗಳಿಂದ ರಕ್ತ ಜಿನುಗುತ್ತದೆ. ಒಸ್ಕರ್ ಕಿರುಚಿ ಕರೆದು ಅಪ್ಪಿಕೊಳ್ಳುತ್ತಾನೆ. ಬೇರೆ ಚಿತ್ರಗಳಲ್ಲಿ ಕಟ್ಟಳೆ ಇರುವುದು ಮನುಷ್ಯರಿಗೆ ರಕ್ಷಣೆಯಾಗಿ; ಇಲ್ಲಿ ಅದು ಎಲಿಯ ಮೈಗೆ ತಗುಲಿದ ಗಾಯ. ಅವಳು ಮನಸ್ಸು ಮಾಡಿದರೆ ಕರೆಯದೆಯೂ ಬರಬಲ್ಲಳು, ಬೆಲೆ ತೆತ್ತು. ಅವನ ನಂಬಿಕೆಗಾಗಿ ಆ ಬೆಲೆ ತೆರುತ್ತಾಳೆ. ನಿಮಗೆ ಹಿಡಿಸಿದ್ದಕ್ಕೆ ಕಾರಣ ಇಲ್ಲಿದೆ ಎಂದು ನನ್ನ ಅಂದಾಜು. ಮಾತು ಸಿಗದಿದ್ದುದು ಸಹಜ, ಒಸ್ಕರ್ ಕೇಳಿದ್ದಕ್ಕೆ ಚಿತ್ರವೇ ಮಾತಿನಲ್ಲಿ ಉತ್ತರ ಕೊಟ್ಟಿಲ್ಲವಲ್ಲ.

ಕಿವಿಯನ್ನೂ ಕೊಡಿ. ಎಲಿಯಾಗಿ ನಟಿಸಿದವರು ಲೀನಾ ಲಿಯಾಂಡರ್‌ಸನ್, ದನಿ ಮಾತ್ರ ಇನ್ನೊಬ್ಬ ಬಾಲಕಿ ಎಲಿಫ್ ಜೇಲಾನ್ ಅವರದು. ಮುಖಕ್ಕಿಂತ ದನಿಗೆ ತುಸು ಹೆಚ್ಚು ವಯಸ್ಸಾದಂತೆ ಕೇಳಿಸುತ್ತದೆ. ಎಷ್ಟು ಕಾಲದಿಂದ ಹನ್ನೆರಡರಲ್ಲೇ ಇದ್ದಾಳೋ ಎಂಬ ಗುಮಾನಿ ಅಲ್ಲಿಂದಲೇ ಹುಟ್ಟುವುದು. ಇಂಗ್ಲಿಷ್ ಡಬ್ಬಿಂಗ್ ಹಾಕಿಕೊಂಡರೆ ಇದಷ್ಟೂ ಹೋಯಿತು. ಸಬ್‌ಟೈಟಲ್ ವಿಷಯದಲ್ಲೂ ಜೋಪಾನ. 2009ರಲ್ಲಿ ಅಮೆರಿಕದಲ್ಲಿ ಬಂದ ಡಿಸ್ಕಿನಲ್ಲಿ ಚಿತ್ರಮಂದಿರದ ಸಬ್‌ಟೈಟಲ್ ಕೈಬಿಟ್ಟು ಮೊಟಕುಗೊಳಿಸಿದ್ದನ್ನು ಹಾಕಿದ್ದರು. ನೋಡುಗರು ದೂರಿದ ಮೇಲೆ ಮುಂದಿನ ಡಿಸ್ಕುಗಳಲ್ಲಿ ಮೂಲದ್ದನ್ನು ಮರಳಿ ಕೊಟ್ಟು, ಪೆಟ್ಟಿಗೆಯ ಮೇಲೆ ‘ಥಿಯೇಟ್ರಿಕಲ್’ ಎಂದು ನಮೂದಿಸಿದರು. ಮಾತುಗಳು ತೀರಾ ಚಪ್ಪಟೆಯಾಗಿ, ಅಲ್ಲಲ್ಲಿ ಸಾಲುಗಳೇ ಮಾಯವಾಗಿ ಕಂಡಿದ್ದರೆ ನಿಮಗೆ ಸಿಕ್ಕಿದ್ದು ಹಳೆಯದು. ಮುಖ್ಯ ಪಾತ್ರಗಳು ಮಕ್ಕಳೆಂದ ಮಾತ್ರಕ್ಕೆ ಇದು ಮಕ್ಕಳ ಚಿತ್ರವಲ್ಲ. ಬಳಗದಲ್ಲಿ ಮನೆಮಂದಿಯೊಂದಿಗೆ ನೋಡುವವರಿದ್ದರೆ ಮೊದಲೇ ಹೇಳಿಬಿಡಿ.

ಇದೇ ಹೊಸ್ತಿಲನ್ನು ನಗಿಸಲು ಬಳಸಿದ್ದನ್ನು ನೋಡಬೇಕಾದರೆ ನ್ಯೂಜಿಲೆಂಡಿನ 2014ರ ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’ ಇದೆ: ವೆಲಿಂಗ್ಟನ್ನಿನ ಕ್ಲಬ್ಬುಗಳ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಅಂತ ಒಂದು ಮಾತು ಹೇಳಿ ಎಂದು ವ್ಯಾಂಪೈರ್‌ಗಳು ಅಂಗಲಾಚುತ್ತಾರೆ. ರಾಜಕೀಯವಾಗಿ ಬಳಸಿದ್ದು ರಯನ್ ಕೂಗ್ಲರ್ ಅವರ 2025ರ ‘ಸಿನ್ನರ್ಸ್’. 1932ರ ಮಿಸಿಸಿಪ್ಪಿ, ಕಪ್ಪು ಜನ ತಮಗಾಗಿ ತೆರೆದುಕೊಂಡ ಸಂಗೀತ, ಕುಣಿತದ ಒಂದು ಮನೆ. ಎಲ್ಲಿ ಹೋದರೂ ಬಾಗಿಲು ಮುಚ್ಚಿಸಿಕೊಂಡ ಜನಕ್ಕೆ ಈ ಒಂದು ರಾತ್ರಿ ತಮ್ಮದೇ ಬಾಗಿಲು, ಯಾರನ್ನು ಬಿಡಬೇಕೆಂಬುದು ತಮ್ಮದೇ ತೀರ್ಮಾನ. ಅಲ್ಲಿ ಬಿಳಿಯನೊಬ್ಬ ವಾದ್ಯ ಹಿಡಿದು ನಯವಾಗಿ ಒಳಗೆ ಬರಲೇ ಎಂದು ಕೇಳುವಾಗ ಕಟ್ಟಳೆಗೆ ಬರುವ ಭಾರವೇ ಬೇರೆ.

ನೋಡುವ ಏರ್ಪಾಟು ಸರಿಯಿಲ್ಲದಿದ್ದರೆ ಇವೆಲ್ಲವೂ ದಂಡ. ಕತ್ತಲೆಯೇ ಈ ಚಿತ್ರಗಳ ಬಂಡವಾಳ. ಟಿವಿಯಲ್ಲಿ ‘ಮೋಷನ್ ಸ್ಮೂದಿಂಗ್’ ಎಂಬುದನ್ನು ಮೊದಲು ಆಫ್ ಮಾಡಿ. ಕಂಪನಿಗೊಂದು ಹೆಸರಿರುತ್ತದೆ, ಅದು ಇಲ್ಲದ ಫ್ರೇಮ್‌ಗಳನ್ನು ನಡುವೆ ತುರುಕಿ ಸಿನಿಮಾವನ್ನು ಧಾರಾವಾಹಿಯಂತೆ ಮಾಡುತ್ತದೆ. ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಇರಲಿ, ‘ವಿವಿಡ್’ ಬೇಡ. ಕಾಣುತ್ತಿಲ್ಲವೆಂದು ಬ್ರೈಟ್‌ನೆಸ್ ಏರಿಸಬೇಡಿ. ಬಹುತೇಕ ಟಿವಿಗಳಲ್ಲಿ ಅದು ಕಪ್ಪನ್ನು ಬೂದಿ ಬಣ್ಣಕ್ಕೆ ಎತ್ತುತ್ತದೆ ಅಷ್ಟೆ. ನೀವು ಏರಿಸಬೇಕಾದ್ದು ‘ಬ್ಯಾಕ್‌ಲೈಟ್’ ಎಂಬ ಸೆಟ್ಟಿಂಗ್. ಟ್ಯೂಬ್‌ಲೈಟ್ ಆರಿಸಿ, ಪೂರ್ತಿ ಕತ್ತಲೆ ಕಣ್ಣಿಗೆ ಆಯಾಸವಾದರೆ ಟಿವಿಯ ಹಿಂದೆ ಒಂದು ಸಣ್ಣ ಬಲ್ಬು ಹಾಕಿ. ಇಂಟರ್ನೆಟ್ ನಿಧಾನವಿದ್ದಾಗ ಮೊದಲು ಕೆಡುವುದು ಕತ್ತಲ ಭಾಗವೇ, ಗೋಡೆಯ ನೆರಳು ಚೌಕ ಚೌಕವಾಗಿ ಒಡೆಯುತ್ತದೆ. ಹಾಗಾಗುತ್ತಿದ್ದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೋಡಿ.

ಸಮಯ ಕಡಿಮೆ ಇರುವುದರಿಂದ ನಾಲ್ಕೇ ಚಿತ್ರ ಸಾಕು: 1922ರ ‘ನೊಸ್ಫೆರಾಟು’ 94 ನಿಮಿಷ, 1958ರ ‘ಡ್ರಾಕುಲಾ’ 82, ‘ನಿಯರ್ ಡಾರ್ಕ್’ 94, ‘ಲೆಟ್ ದ ರೈಟ್ ಒನ್ ಇನ್’ 114. ಒಟ್ಟು ಆರೂವರೆ ಗಂಟೆಗೆ ತುಸು ಕಡಿಮೆ. ದಿನಕ್ಕೊಂದರಂತೆ ಇದೇ ಕ್ರಮದಲ್ಲಿ ನೋಡಿ, ಒಂದೇ ದಿನ ಎರಡು ಬೇಡ. ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ. ಪ್ರತಿ ಚಿತ್ರ ಮುಗಿದ ಮೇಲೆ ಕಟ್ಟಳೆ ಯಾವುದು, ಬೆಲೆ ತೆತ್ತವರು ಯಾರು ಎಂದು ಎರಡೇ ಸಾಲು ಬರೆದಿಡಿ. ವಾರ ಕಳೆದ ಮೇಲೆ, ಚೀಟಿ ನೋಡದೆ, ಯಾವ ಚಿತ್ರದ ಯಾವ ದೃಶ್ಯ ತಾನಾಗಿ ನೆನಪಾಗುತ್ತದೋ ಆ ದೃಶ್ಯವನ್ನಷ್ಟೇ ಮತ್ತೆ ನೋಡಿ. ಎರಡನೆಯ ಸಲವೂ ಹಿಡಿದಿಟ್ಟರೆ ನಿಮ್ಮ ಆಯ್ಕೆ ಅದೇ. ನೆನಪಿನಲ್ಲಿ ದೊಡ್ಡದಾಗಿದ್ದು ತೆರೆಯ ಮೇಲೆ ಸಣ್ಣದಾಗಿ ಕಂಡರೆ ಮುಂದಿನದಕ್ಕೆ ಹೋಗಿ.

ನನ್ನನ್ನು ಕೇಳಿದರೆ ಮೊದಲನೆಯದು ಸ್ವೀಡನ್ನಿನದೇ, ಕೂದಲೆಳೆಯ ಅಂತರದಲ್ಲಿ ಮುರ್ನೌ. ಆದರೆ ಸರಿಯಾದ ನೀಲಿಯಲ್ಲಿ, ಸರಿಯಾದ ವೇಗದಲ್ಲಿ ‘ನೊಸ್ಫೆರಾಟು’ ನೋಡಿದ ಮೇಲೆ ನಿಮ್ಮ ಉತ್ತರ ಬದಲಾದರೆ ಅದನ್ನೇ ಧೈರ್ಯವಾಗಿ ಹೇಳಿ. ಬಳಗದ ಮುಂದೆ ಕಥೆ ಒಪ್ಪಿಸಲು ಹೋಗಬೇಡಿ, ಮೂರು ನಿಮಿಷದ ಒಂದು ತುಣುಕು ತೋರಿಸಿ. ಸ್ವೀಡಿಷ್ ಚಿತ್ರವಾದರೆ ಹೊಸ್ತಿಲ ದೃಶ್ಯ, ಎಲಿ ಬಾಗಿಲು ತಟ್ಟುವಲ್ಲಿಂದ. ಮುರ್ನೌ ಆದರೆ ಓರ್ಲಾಕ್ ಪೆಟ್ಟಿಗೆ ಹೊತ್ತು ಊರಿಗೆ ಬರುವುದನ್ನು ಮೊದಲು ಕಪ್ಪುಬಿಳುಪು ಪ್ರತಿಯಲ್ಲಿ, ಆಮೇಲೆ ಬಣ್ಣದ ಪ್ರತಿಯಲ್ಲಿ ಬೆನ್ನುಬೆನ್ನಿಗೆ ಹಾಕಿ. ಪ್ರೊಜೆಕ್ಟರ್ ಬಳಸುವುದಾದರೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಸಿ, ಇಲ್ಲದಿದ್ದರೆ ಎರಡು ಪ್ರತಿಗಳಿಗೂ ವ್ಯತ್ಯಾಸವೇ ಕಾಣುವುದಿಲ್ಲ.